ತೊಡೆಯೊಳಗಿನ ಸರಳು

ಕಾರ್ತಿಕದ ಎಳೆಬಿಸಿಲು. ಶೇಂಗಾ ಕಿತ್ತ ಹೊಲದಲ್ಲಿ ಹೆಂಗಸರು ಮಣ್ಣಿನೊಳಗೆ ಉಳಿದ ಕಾಯಿ ಆಯುತ್ತಿದ್ದರು. ನಾನು ಬಳ್ಳಿಯನ್ನು ಬಣವೆಗೆ ಒಟ್ಟುತ್ತಿದ್ದೆ. ಆಗ ನಮ್ಮ ಪಕ್ಕದ ಮನೆಯ ಯಂಕೋಬಣ್ಣ, ಪಂಪ್‌ಸೆಟ್ ರಿಪೇರಿ ಮಾಡುವವನು, ತನ್ನ ಹೊಸ ಲೋಹಶೋಧಕವನ್ನು ಬದುವಿನ ಮೇಲೆ ನಡೆಸಿಕೊಂಡು ಬಂದ. ಹೌದು, ನಡೆಸಿಕೊಂಡೇ! ಅದಕ್ಕೆ ಕಾಲುಗಳಿದ್ದವು. ಮುಂದೆ ಗುದ್ದಲಿಯಂಥ ಕೈ, ಬೆನ್ನ ಮೇಲೆ ದೊಡ್ಡ ತಗಡಿನ ಬುಟ್ಟಿ.

ಹಳೆಯದು ಬರೀ ಕೋಲಿನ ಶೋಧಕ. ಅದು ಕೆಟ್ಟಮೇಲೆ ಅವನ ಹೆಂಡತಿ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಅಂದಿನಿಂದ ನೆಲ ಹುಡುಕುವ ಹುಚ್ಚು ಬಿಟ್ಟು ಯಂಕೋಬಣ್ಣ ಸಪ್ಪಗಾಗಿದ್ದ. ಈಗ ಮುಖ ಬೆಳಗುತ್ತಿತ್ತು.

"ಅದು ಬರೇ ಕೂಗತಿತ್ತು ತಾಯಪ್ಪ, ಅಗಿಯೋನು ನಾನು! ಇದು ತಾನೇ ಅಗೀತೈತಿ. ಎದುರಿಗೆ ಕಾಣೋದನ್ನ ಮುಟ್ಟಂಗಿಲ್ಲ. ಮುಚ್ಚಿಕೊಂಡ ಕಬ್ಬಿಣ ಕಂಡ್ರ ಮಾತ್ರ, ಬುಟ್ಟಿಗೆ ಬೀಳೋತನಕ ಬಿಡಂಗಿಲ್ಲ!"

ಯಂತ್ರ 'ಕುಂಯ್' ಎಂದು ನೆಲ ಬಗೆದು, ಹೋದ ವರ್ಷ ಕಳೆದಿದ್ದ ಕುಡುಗೋಲನ್ನು ಎತ್ತಿ ಬುಟ್ಟಿಗೆ ಹಾಕಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಅದು ನನ್ನ ಕಡೆ ತಿರುಗಿತು.

ನಾನು ಎಡಕ್ಕೆ ಸರಿದೆ. ಅದೂ ಸರಿಯಿತು.

"ಜೇಬಿನಾಗ ಕೀಲಿ ಐತೇನು?"

ಕೀಲಿ ಎಸೆದೆ. ಅದು ಕೀಲಿಯನ್ನು ತುಳಿದುಕೊಂಡೇ ಬಂತು. ಆಗ ನನಗೆ ನೆನಪಾಯಿತು. ಟ್ರ್ಯಾಕ್ಟರಿನಿಂದ ಬಿದ್ದಾಗ ಡಾಕ್ಟರು ನನ್ನ ಎಡತೊಡೆಯಲ್ಲಿ ಕೂರಿಸಿದ ಸರಳು! ಅದೂ ಮುಚ್ಚಿಕೊಂಡ ಕಬ್ಬಿಣವೇ. ಮೇಲೆ ಮುಚ್ಚಿದ್ದು ನನ್ನ ಮಾಂಸ.

ಕುಂಟುತ್ತ ಓಡಿ ಬಣವೆ ಹತ್ತಿದೆ. ಗುದ್ದಲಿ ಬಣವೆಯ ಬುಡಕ್ಕೆ ಬಿತ್ತು. ಒಂದೊಂದು ಏಟಿಗೂ ನಾನು ಕೆಳಗಿಳಿಯುತ್ತಿದ್ದೆ.

"ಯಂಕೋಬಣ್ಣಾ, ಆರಿಸೋ ಅದನ್ನ!"

"ಗುಂಡಿ ಹೊಟ್ಟಿ ಕೆಳಗೈತೋ! ಅದು ಕುಂತ ಮ್ಯಾಲೇ ಕೈಗೆ ಸಿಗೋದು!"

"ಯಾವಾಗ ಕುಂದ್ರತೈತಿ?"

"ಬುಟ್ಟಿ ತುಂಬಿದ ಮ್ಯಾಲ!"

ಗುದ್ದಲಿ ನನ್ನ ಧೋತರದ ಅಂಚು ಹರಿಯಿತು. ಕಾಯಿ ಆಯುತ್ತಿದ್ದ ನನ್ನ ಹೆಂಡತಿ ಅಯ್ಯಮ್ಮ ಕೂಗಿದಳು: "ಅಯ್ಯ, ಹಂಗಾದ್ರ ನೀವೇ ಬುಟ್ಟ್ಯಾಗ ಬೀಳ್ರಲ್ಲ!"

ಕಣ್ಣು ಮುಚ್ಚಿ ಬಿದ್ದೆ. ಬುಟ್ಟಿಯ ಅಂಚಿನಿಂದ ಎರಡು ಚಿಮಟಗಳು ಹೊರಬಂದು ನನ್ನ ಎರಡೂ ಕಾಲು ಹಿಡಿದವು. ಯಂತ್ರ ಕುಳಿತಿತು. ಯಂಕೋಬಣ್ಣ ಅಂಗಾತ ಮಲಗಿ ಅದರ ಹೊಟ್ಟೆಯ ಕೆಳಗೆ ತಡಕಾಡಿದ.

"ಸಿಕ್ತೇನೋ?"

"ಸಿಕ್ತು. ಕಿತ್ತು ಕೈಗೇ ಬಂತು."

ಅಷ್ಟರಲ್ಲಿ ಯಂತ್ರ ಯಂಕೋಬಣ್ಣನ ದನಿಯಲ್ಲೇ ಕೇಳಿತು: "ಈ ಮಾಲು ಯಾರದು? ಕಾಯಿ ಇಟ್ಟು ಒಯ್ರಿ!"

ನಮ್ಮೂರಲ್ಲಿ ಕಳೆದ ಸಾಮಾನು ಸಿಕ್ಕರೆ, ಹುಡುಕಿಕೊಟ್ಟವನಿಗೆ ತೆಂಗಿನಕಾಯಿ ಕೊಡುವುದು ರೂಢಿ. ಪುಣ್ಯಾತ್ಮ ಅದನ್ನೂ ಕಲಿಸಿದ್ದ! ಅಯ್ಯಮ್ಮ ಮನೆಗೆ ಓಡಿದಳು. ಗುದ್ದಲಿ ನನ್ನ ತೊಡೆಯ ಮೇಲೆ ತೂಗುತ್ತಲೇ ಇತ್ತು.

ಬಂದವಳ ಕೈಯಲ್ಲಿ ತೆಂಗಿನಕಾಯಿಯ ಒಂದೇ ಹೋಳು.

"ನಂದೇ ಮಾಲು," ಎಂದಳು ಯಂತ್ರಕ್ಕೆ. "ಕುಂಟಗಾಲಿಂದು, ಸವೆದದ್ದು. ಇದಕ್ಕ ಅರ್ಧ ಸಾಕು."

ಯಂತ್ರ ಹೋಳನ್ನು ತೂಗಿ ನೋಡಿತು. 'ಟಕ್' ಎಂದು ಒಂದು ಚಿಮಟ ಬಿಟ್ಟಿತು. ನನ್ನ ಬಲಗಾಲು ಬಿಡುಗಡೆಯಾಯಿತು. ಸರಳಿದ್ದ ಎಡಗಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು!

"ಉಳಿದ ಅರ್ಧ ಎಲ್ಲೇ?" ಎಂದು ಚೀರಿದೆ.

"ಮುಂಜಾನೆ ಚಟ್ನಿ ಅರದೆ. ಮನ್ಯಾಗ ಬ್ಯಾರೆ ಕಾಯಿ ಎಲ್ಲೈತಿ? ನಾಳೆ ಸಂತ್ಯಾಗ ತಂದ್ರಾತು. ರೊಟ್ಟಿ ತಂದೀನಿ, ಅಲ್ಲೇ ಕುಂತು ಉಣ್ರಿ."

ಉಂಡೆ. ಚಟ್ನಿಗೆ ಉಪ್ಪು ಸ್ವಲ್ಪ ಮುಂದಾಗಿತ್ತು.