ಕೀಲಿ ತೆಗೆದರೂ ನಿಲ್ಲದ ಗಾಡಿ

ನಮ್ಮ ಮನೆಯ ಮಿಕ್ಸರನ್ನು ಎರಡು ಸಲ, ಇಸ್ತ್ರಿಪೆಟ್ಟಿಗೆಯನ್ನು ಒಂದು ಸಲ ರಿಪೇರಿ ಮಾಡಿದವಳು ನಾನು. ಮಿಕ್ಸರು ಈಗಲೂ ತಿರುಗುತ್ತದೆ. ಸ್ವಲ್ಪ ನಡುಗುತ್ತದೆ, ಅಷ್ಟೇ! ಹಾಗಾಗಿ ಆ ಶನಿವಾರ ಸಂಜೆ ನಮ್ಮ ಹಳೆಯ ಪಿಕಪ್ ಗಾಡಿಯ ಕೀಲಿ ತಿರುಗಿಸಿದಾಗ ಅದು ಸದ್ದೇ ಮಾಡದಿದ್ದರೂ ನಾನು ಹೆದರಲಿಲ್ಲ.

ಹೆದರಬೇಕಾದ ಸಂದರ್ಭವೇನೋ ಆಗಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅಂಕೋಲೆಯಲ್ಲಿ ಹೆಂಗಸರ ಹಗ್ಗಜಗ್ಗಾಟದ ಪಂದ್ಯ. ನಮ್ಮ ಕದ್ವಾಡದ ತಂಡಕ್ಕೆ ನಾನೇ ಕ್ಯಾಪ್ಟನ್. ಮೂರು ತಿಂಗಳಿಂದ ಗದ್ದೆ ಕೆಲಸ ಮುಗಿಸಿ ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಎಳೆದಿದ್ದೆವು. ಮರ ಅಲ್ಲಾಡಲಿಲ್ಲ, ನಮ್ಮ ಉತ್ಸಾಹವೂ ಅಲ್ಲಾಡಲಿಲ್ಲ. ತಂಡವನ್ನು ಅಂಕೋಲೆಗೆ ಮುಟ್ಟಿಸುವ ಹೊಣೆಯೂ ನನ್ನದೇ. ಕಾರವಾರದ ಮಾರ್ಕೆಟ್ಟಿಗೆ ತರಕಾರಿ ಒಯ್ಯುವ ಆ ಗಾಡಿಯನ್ನು ಓಡಿಸುವವಳು ನಾನು. ನಮ್ಮ ಯಜಮಾನರಿಗೆ ಆಫೀಸಿನ ಫೈಲು ಬಿಟ್ಟರೆ ಬೇರೆ ಏನನ್ನೂ ಮುಂದೆ ಓಡಿಸಿ ಗೊತ್ತಿಲ್ಲ.

"ಪೇದ್ರುಗೆ ಫೋನ್ ಮಾಡು," ಅಂದರು ಅವರು. ಪೇದ್ರು ನಮ್ಮ ಮೆಕ್ಯಾನಿಕ್.

"ಅವ ಅಣ್ಣನ ಮನೆ ಕಾರ್ಯಕ್ಕೆ ಮಡಗಾಂವಿಗೆ ಹೋಗಿದ್ದಾನೆ. ಸೋಮವಾರ ಬರೂದು. ನಾನೇ ಮಾಡ್ತೆ."

"ನೀನೇ?" ಎಂದು ಕೇಳಿ, ಅವರು ಓದುತ್ತಿದ್ದ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಪೇಪರು ಅಲುಗಾಡುತ್ತಿತ್ತು. ನಗುತ್ತಿದ್ದರು ಅಂತ ನಾನು ಹೇಳುವುದಿಲ್ಲ.

ಸ್ಟೇರಿಂಗಿನ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದೆ. ಬಹಳ ಸುಲಭ! ಆ ಧೈರ್ಯದಲ್ಲಿ ಕೀಲಿ ಹಾಕುವ ಬುರುಡೆಯನ್ನೂ ಬಿಚ್ಚಿದೆ. ಅದರೊಳಗಿಂದ ಒಂದು ಸಣ್ಣ ಸ್ಪ್ರಿಂಗು ಚಿಮ್ಮಿ, ನನ್ನ ಕಿವಿಯ ಪಕ್ಕದಿಂದ ಹಾರಿ, ಅಂಗಳದ ದಾಸವಾಳದ ಗಿಡದೊಳಗೆ ಲೀನವಾಯಿತು. ಪಕ್ಕದ ಮನೆಯ ಸುಶೀಲಾ ವೈನಿ, ನಮ್ಮ ತಂಡದಲ್ಲಿ ಹಗ್ಗದ ಕೊನೆ ಹಿಡಿಯುವವರು, ಅರ್ಧ ಗಂಟೆ ಬಗ್ಗಿ ಹುಡುಕಿದರು. ಒಂದು ಕೋಳಿ ಮೊಟ್ಟೆ ಸಿಕ್ಕಿತು.

"ಸ್ಪ್ರಿಂಗ್ ಬೇಕೇ ಬೇಕನೇ?" ಎಂದು ಅವರು ಕೇಳಿದರು.

"ಅದು ಬರೀ ಶೋಕಿಗೆ ಇಟ್ಟದ್ದು ವೈನಿ," ಅಂದೆ, ತಜ್ಞೆಯ ಗಾಂಭೀರ್ಯದಿಂದ.

ಬುರುಡೆಯ ಹಿಂದಿನಿಂದ ಬಂದ ತಂತಿಗಳ ತುದಿ ಸುಲಿದು ಒಂದಕ್ಕೊಂದು ತಾಗಿಸುತ್ತಾ ಹೋದೆ. ಮೊದಲು ವೈಪರ್ ಓಡಿತು. ಆಮೇಲೆ ಎಡಗಡೆಯ ದೀಪ ಮಿಣುಕಿತು. ಐದನೇ ಪ್ರಯತ್ನಕ್ಕೆ ಇಂಜಿನ್ನು ಗುರ್ರ್ ಅಂತ ಎದ್ದೇಬಿಟ್ಟಿತು! ನಾನು ಕೇಕೆ ಹಾಕಿದೆ. ಯಜಮಾನರು ಪೇಪರು ಬಿಟ್ಟು ಓಡಿ ಬಂದರು. ಆ ಕ್ಷಣದ ಅವರ ಮುಖವನ್ನು ಫೋಟೋ ತೆಗೆದಿಟ್ಟುಕೊಳ್ಳಬೇಕಿತ್ತು. ಗಾಡಿ ನಿಲ್ಲಿಸಲು ಆ ತಂತಿಗಳನ್ನು ಬಿಡಿಸಿದೆ. ಬೆಳಿಗ್ಗೆ ಮತ್ತೆ ಹೊಸೆದು, ದಾರಿಯಲ್ಲಿ ಬಿಚ್ಚಿಕೊಳ್ಳದಿರಲಿ ಎಂದು ಒಂದು ಸುರುಳಿ ಟೇಪನ್ನು ಪೂರ್ತಿ ಸುತ್ತಿದೆ. ಬುರುಡೆಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಸ್ಟೇರಿಂಗ್ ಲಾಕ್ ಬಿಡಲಿ ಅಂತ ಕೀಲಿಯನ್ನೂ ಹಾಕಿ ತಿರುಗಿಸಿಟ್ಟೆ. ಎಷ್ಟು ಮುಂಜಾಗ್ರತೆ ನೋಡಿ!

ಎಂಟು ಜನ ಹೆಂಗಸರು ಹೊರಟೆವು. ಮುಂದೆ ನಾನು ಮತ್ತು ವೈನಿ, ಹಿಂದೆ ಆರು ಮಂದಿ, ಹಗ್ಗ, ಒಂದು ಡಬ್ಬ ಅವಲಕ್ಕಿ. ಪೊಲೀಸರು ಕಂಡರೆ ಹಿಂದಿನವರು ಬಗ್ಗಿ ಕೂರಬೇಕೆಂದು ಮಾತಾಗಿತ್ತು. ಆದರೆ ಮುಚ್ಚಳ ಹಾಕುವಾಗ ಯಾವ ತಂತಿ ಸಿಕ್ಕಿಕೊಂಡಿತ್ತೋ, ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರ್ನ್ ತಾನಾಗಿ ಬಡಿದುಕೊಳ್ಳುತ್ತಿತ್ತು. ಬಿಣಗಾ ಘಟ್ಟದ ತಿರುವುಗಳಲ್ಲಿ ನಾವು ಮಂತ್ರಿಗಳಂತೆ ಸಾಗಿದೆವು. ಲಾರಿಗಳೇ ದಾರಿ ಬಿಟ್ಟವು. ಬಗ್ಗಿ ಕೂತು ಏನು ಪ್ರಯೋಜನ?

ಅಂಕೋಲೆಯ ಮೈದಾನಕ್ಕೆ ಒಂಬತ್ತೂವರೆಗೇ ಮುಟ್ಟಿದೆವು. ಮೈಕು ಹಿಡಿದಿದ್ದ ಮಾಸ್ತರ್ರು, "ಗಾಡಿ ಆ ಮರದ ಬುಡಕ್ಕೆ ಹಾಕಿ," ಅಂದರು. ಹಾಕಬಹುದಿತ್ತು. ಆದರೆ ರಿಪೇರಿ ನನ್ನದು, ಗಾಡಿ ನನ್ನದು, ಅಷ್ಟು ಜನ ನೋಡುತ್ತಿದ್ದಾರೆ! ಮೈದಾನಕ್ಕೆ ಒಂದು ಸುತ್ತು ಹೊಡೆದು, ಬಲಕ್ಕೆ ಪೂರ್ತಿ ತಿರುಗಿಸಿ, ಜನರೆದುರು ಗತ್ತಿನಲ್ಲಿ ನಿಲ್ಲಿಸಿ, ಅಭ್ಯಾಸಬಲದಿಂದ ಕೀಲಿ ಸೆಳೆದೆ.

ಕೀಲಿ ಕೈಗೆ ಬಂತು. ಇಂಜಿನ್ನು ಓಡುತ್ತಲೇ ಇತ್ತು. ಸ್ಟೇರಿಂಗು ಮಾತ್ರ 'ಖಟ್' ಎಂದು ಲಾಕ್ ಆಯಿತು!

ಕೀಲಿ ವಾಪಸ್ ತುರುಕಿದರೆ ಒಳಗೆ ಹೋಗಲೊಲ್ಲದು. ಶೋಕಿಯ ಸ್ಪ್ರಿಂಗು ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ಟೇಪು ಬಿಚ್ಚಲು ಉಗುರೂ ಸಾಲದು, ಹಲ್ಲೂ ಸಾಲದು. ಕೊನೆಗೆ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಕಪ್ಪೆಯಂತೆ ಎರಡು ಸಲ ನೆಗೆದು, ಸುಣ್ಣದಲ್ಲಿ ಎಳೆದ ನಡುಗೆರೆಯ ಮೇಲೆ ಪ್ರಾಣ ಬಿಟ್ಟಿತು. ಮತ್ತೆ ಎಬ್ಬಿಸಲು ಹೋದರೆ ತಂತಿ ತುಂಡಾಗಿ ಕೈಗೇ ಬಂತು.

"ಬಾಯಿ, ಗಾಡಿ ತೆಗೀರಿ. ಪಂದ್ಯ ಶುರು ಮಾಡಬೇಕು," ಮಾಸ್ತರ್ರು ಮೈಕಿನಲ್ಲೇ ಹೇಳಿದರು.

"ತೆಗೀತೇವೆ ಸರ್. ಹಗ್ಗ ಇದೆ," ಅಂದೆ, ತಲೆ ಎತ್ತಿಯೇ.

ನಾನು ಬ್ರೇಕಿಗೆ ಕೂತೆ. ಏಳು ಜನ ಎಳೆದರು. ಚಕ್ರ ಬಲಕ್ಕೆ ಸಿಕ್ಕಿಕೊಂಡಿತ್ತಲ್ಲ, ಗಾಡಿ ನೇರ ಹೋಗದೆ ಸುತ್ತತೊಡಗಿತು. ಮೊದಲ ಸುತ್ತಿಗೆ ಅತಿಥಿಗಳು ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಸರಿದರು. ಎರಡನೇ ಸುತ್ತಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. "ಕದ್ವಾಡ! ಕದ್ವಾಡ!" ಅಂತ ಕೂಗು! ನನ್ನ ಕಣ್ಣು ತುಂಬಿ ಬಂತು. ಸುಶೀಲಾ ವೈನಿಯ ಕಣ್ಣೂ ತುಂಬಿತ್ತು, ಅಂಗೈ ಸುಲಿದದ್ದಕ್ಕೆ. ಹಿಂದಿನ ಚಕ್ರವನ್ನು ಇಂಚಿಂಚಾಗಿ ಪಕ್ಕಕ್ಕೆ ಜರುಗಿಸುತ್ತಾ, ಮುಕ್ಕಾಲು ಗಂಟೆಯಲ್ಲಿ ಗಾಡಿಯನ್ನು ಮರದ ಬುಡಕ್ಕೆ ಮುಟ್ಟಿಸಿಯೇ ಬಿಟ್ಟರು ನಮ್ಮ ಹೆಂಗಸರು!

ಅಷ್ಟೂ ಹೊತ್ತು ನೆರಳಲ್ಲಿ ಕೂತು ಬಟಾಟೆ ಬಜ್ಜಿ ತಿನ್ನುತ್ತಿದ್ದ ರಾಮನಗುಳಿಯ ತಂಡ ನಮ್ಮ ಎದುರಾಳಿ. ಸೀಟಿ ಊದಿದ್ದು ಕೇಳಿಸಿತು. ಆಮೇಲೆ ನೆನಪಿರುವುದು, ನಾವು ಎಂಟೂ ಜನ ಗೆರೆಯ ಆಚೆ ಮುಖ ಅಡಿಯಾಗಿ ಬಿದ್ದದ್ದು. ಎರಡನೇ ಎಳೆತಕ್ಕೆ ಅಷ್ಟು ಹೊತ್ತೂ ಹಿಡಿಯಲಿಲ್ಲ.

"ತಪ್ಪು ನಂದೇ," ಅಂದೆ ಅವರಿಗೆಲ್ಲ.

"ತಪ್ಪು ನಿಂದೇ ಹೌದು," ಅಂದರು ವೈನಿ, ಸೆರಗಿನಿಂದ ನನ್ನ ಮುಖದ ಮಣ್ಣು ಒರೆಸುತ್ತಾ. "ಆದ್ರೆ ಅಷ್ಟು ದೊಡ್ಡ ಗಾಡಿ ಎಳೆದ್ವಲ್ಲ ಮಾರಾಯ್ತಿ! ಅದು ಯಾರ ಕೈಲಿ ಆಗ್ತದೆ?" ಎಲ್ಲರೂ ನಗತೊಡಗಿದರು. ನಾನೂ ನಕ್ಕೆ. ಅಂದು ಬಹುಮಾನ ಒಯ್ದವರ ಜೊತೆ ಫೋಟೋ ತೆಗೆಸಿಕೊಂಡವರಿಗಿಂತ ನಮ್ಮ ಜೊತೆ ತೆಗೆಸಿಕೊಂಡವರೇ ಜಾಸ್ತಿ.

ಸೋಮವಾರ ಪೇದ್ರು ಅಂಕೋಲೆಗೇ ಬಂದ. ಸ್ಟೇರಿಂಗಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದ, ಆಮೇಲೆ ಬಾನೆಟ್ ಎತ್ತಿದ.

"ಬಾಯಿ, ಮೊದಲು ಕೆಟ್ಟದ್ದು ಇದೊಂದೇ," ಅಂದ. ಬ್ಯಾಟರಿಯ ಮೇಲಿನ ಕ್ಲಿಪ್ಪು ತೋರಿಸಿದ. ಸಡಿಲಾಗಿತ್ತು. "ನೀವು ತಂತಿ ಜೋಡಿಸುವಾಗ ಗಾಡಿ ಅಲ್ಲಾಡಿ ಅದು ತಾನಾಗಿ ತಾಗಿದೆ. ಉಳಿದದ್ದೆಲ್ಲ ನೀವು ಮಾಡಿದ್ದು."

ಇಷ್ಟಾದರೂ ನಮ್ಮ ಹೆಸರು ಅಂಕೋಲೆಯಲ್ಲಿ ಉಳಿಯಿತು. ಈ ವರ್ಷದ ಪಂದ್ಯದ ಆಮಂತ್ರಣ ಎಲ್ಲ ತಂಡಗಳಿಗಿಂತ ಮೊದಲು ನಮಗೇ ಬಂದಿದೆ. ಯಜಮಾನರ ಮುಂದೆ ಹೆಮ್ಮೆಯಿಂದ ಗಟ್ಟಿಯಾಗಿ ಓದಿದೆ. ಕೆಳಗೆ ಮಾಸ್ತರ್ರು ಪೆನ್ನಿನಲ್ಲಿ ಬರೆದ ಒಂದು ಸಾಲನ್ನು ಮಾತ್ರ ಮೆಲ್ಲಗೆ ಓದಿಕೊಂಡೆ.

"ದಯವಿಟ್ಟು ಬಸ್ಸಿನಲ್ಲಿ ಬನ್ನಿ."