ಹಗುರದ ಕಂಪ್ಯೂಟರ್ ಕೊಂಡು ಕೆಟ್ಟೆ

ಮದುವೆ ಕಾಗದದ ಡಿಸೈನ್ ಮಾಡಿಕೊಂಡು ಮನೆ ಮನೆ ತಿರುಗುವವರು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ನನಗಂತೂ ಒಂದು ಸಣ್ಣ ಕಂಪ್ಯೂಟರ್ ಯಾವಾಗ ಕೊಳ್ಳುವುದು ಎಂಬುದರಲ್ಲೇ ಸಾಲು ಸಾಲು ಫಜೀತಿ.

ಹೊಲಿಗೆ ಮೆಷಿನ್

ನನ್ನ ಹಳೆಯ ಲ್ಯಾಪ್‌ಟಾಪ್ ಅಂದರೆ ಒಂದು ಹೊರೆ. ಗಿರಾಕಿಗಳಿಗೆ ಡಿಸೈನ್ ತೋರಿಸಲು ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಡುತ್ತಿದ್ದವರು ನಿವೃತ್ತರಾಗಿ ಮನೆಯಲ್ಲಿದ್ದ ನಮ್ಮ ಯಜಮಾನರು. ಕಾಪುವಿನ ಮದುವೆ ಮನೆಯೊಂದರಲ್ಲಿ ಅವರು ಏದುಸಿರು ಬಿಡುತ್ತ ಬ್ಯಾಗ್ ಇಳಿಸಿದರು. ಮನೆಯಾಕೆ ಅದನ್ನು ನೋಡಿ ಹಿಗ್ಗಿದರು.

"ಹೊಲಿಗೆ ಮೆಷಿನ್ ತಂದದ್ದು ಒಳ್ಳೆದಾಯಿತು. ಮದುಮಗಳ ರವಿಕೆ ಬಿಗಿ ಆಗ್ತಾ ಉಂಟು!"

ಮಣಿಪಾಲದ ಅಂಗಡಿ

"ಸಣ್ಣದೊಂದು ತೆಗೊ ಮಾರಾಯ್ತಿ, ನನ್ನ ಸೊಂಟ ಹೋಯಿತು" ಎಂದು ಇವರದು ಒಂದೇ ರಾಗ. ಹೊರಟದ್ದೂ ಆಯಿತು, ಅಷ್ಟರಲ್ಲಿ ಆಟಿ ತಿಂಗಳು, ಅಂದರೆ ನಮ್ಮ ಕಡೆಯ ಆಷಾಢ, ಹಿಡಿಯಿತು. ಆಟಿಯಲ್ಲಿ ಹೊಸ ವಸ್ತು ಮನೆಗೆ ತರುವ ಕ್ರಮವಿಲ್ಲ. ಆಟಿ ಕಳೆದು ಮಣಿಪಾಲಕ್ಕೆ ಹೋದರೆ ಅಂಗಡಿಯವರು, "ಚೌತಿಗೆ ಆಫರ್ ಬರ್ತದೆ" ಎಂದರು. ಚೌತಿಗೆ ಹೋದರೆ, "ದೀಪಾವಳಿಗೆ ಇನ್ನೂ ಒಳ್ಳೆಯ ಆಫರ್ ಉಂಟು." ದೀಪಾವಳಿಗೆ ಹೋದರೆ, "ಹೊಸ ಮಾಡೆಲ್ ಬರ್ಲಿಕ್ಕುಂಟು, ಇದಕ್ಕಿಂತ ತೆಳು."

ಇವರಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮದು ಅಂಗಡಿಯಾ, ಪಂಚಾಂಗವಾ?"

ದುಬೈಯಿಂದ

ನೆರೆಮನೆಯ ಬ್ಯಾರಿ ಯುವಕ ದುಬೈಯಲ್ಲಿ ಕೆಲಸದಲ್ಲಿದ್ದ. "ನೀವು ಸುಮ್ಮನಿರಿ ಅಕ್ಕ, ನಾನು ತರ್ತೇನೆ" ಎಂದ. ಅವನಿಗೆ ರಜೆ ಸಿಗುವವರೆಗೆ ಕಾದೆವು. ಕೊನೆಗೂ ತಂದ, ಊಟದ ತಟ್ಟೆಯಷ್ಟು ಹಗುರ! ತೆರೆದು ನೋಡಿದರೆ ಪ್ರತಿ ಕೀಯ ಮೇಲೂ ಇಂಗ್ಲಿಷಿನ ಪಕ್ಕದಲ್ಲಿ ಅರಬ್ಬಿ ಅಕ್ಷರ.

"ಇದು ಎಂತ?" ಎಂದೆ.

"ಅದು ಫ್ರೀ ಅಕ್ಕ" ಎಂದ.

ತೆಂಗಿನಕಾಯಿ

ಮರುದಿನ ಹೊಸ ಬ್ಯಾಗ್ ಹಿಡಿದು ಹೊರಟೆ. ಇವರು ಅದನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿ, "ಇದಕ್ಕೆ ನಾನು ಯಾಕೆ? ಬಸ್ಸಿನಲ್ಲಿ ಹೋಗು" ಎಂದು ಟಿವಿ ಮುಂದೆ ಕುಳಿತರು. ಅಲ್ಲಿಗೆ ಜೊತೆಯಾಗಿ ತಿರುಗುವುದು ಮುಗಿಯಿತು. ಮೊದಲೆಲ್ಲ ಕಾರ್ಕಳದ ದಾರಿಯಲ್ಲಿ ಬೆಳ್ಮಣ್‌ನ ಹೋಟೆಲೊಂದರಲ್ಲಿ ನಿಂತು ಒಂದೇ ಪ್ಲೇಟ್ ಗೋಳಿಬಜೆಗೆ ಇಬ್ಬರೂ ಕೈ ಹಾಕುತ್ತಿದ್ದೆವು. ಈಗ ಬಸ್ಸಿನ ಕಿಟಕಿಯಿಂದ ಆ ಹೋಟೆಲ್ ಕಂಡರೆ ಅದು ಮರೆಯಾಗುವವರೆಗೂ ಕತ್ತು ತಿರುಗಿಸಿ ನೋಡುತ್ತಿದ್ದೆ. ಇನ್ನೊಂದು ಆಟಿ ಕಾಯಬೇಕಿತ್ತು ಎಂದು ನಿಜವಾಗಿಯೂ ಅನಿಸಿತು.

ಕಡೆಗೊಂದು ಉಪಾಯ ಮಾಡಿದೆ. ಕೆಲವು ತೆಂಗಿನಕಾಯಿಗಳನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಬ್ಯಾಗಿನೊಳಗೆ ಕಂಪ್ಯೂಟರಿನ ಮೇಲೆ ಇಟ್ಟೆ.

"ಇದೆಂತ, ಇಷ್ಟು ಭಾರ?" ಎಂದರು ಇವರು.

"ಹೊಸ ಡಿಸೈನ್ ತುಂಬಾ ತುಂಬಿಸಿದ್ದೇನೆ."

ಅಂಗಿ ಹಾಕಿಕೊಂಡು ಸ್ಕೂಟರ್ ಹೊರಗೆ ತೆಗೆದರು. ಬೆಳ್ಮಣ್‌ನಲ್ಲಿ ಗೋಳಿಬಜೆಯೂ ಆಯಿತು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಕಾರ್ಕಳದ ಮದುವೆ ಮನೆಯಲ್ಲಿ ಬ್ಯಾಗಿನೊಳಗೆ ಕೈ ಹಾಕಿದವರೂ ಇವರೇ. ಕಂಪ್ಯೂಟರಿಗಿಂತ ಮೊದಲು ಬೈರಾಸು ಬಿಚ್ಚಿಕೊಂಡು ಕಾಯಿಗಳು ಒಂದೊಂದಾಗಿ ಹೊರಬಂದವು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಮದುಮಗಳ ಅಜ್ಜಿ ಕೈಮುಗಿದು, "ಶುಭಕಾರ್ಯದ ಮನೆಗೆ ಬರಿಗೈಯಲ್ಲಿ ಬರ್ಲಿಲ್ಲ ನೋಡಿ, ಎಷ್ಟು ಕ್ರಮ ಗೊತ್ತುಂಟು!" ಎನ್ನುತ್ತ ಕಾಯಿಗಳನ್ನೆಲ್ಲ ದೇವರ ಕೋಣೆಗೆ ಒಯ್ದರು.

ಹೊರಗೆ ಬಂದ ಮೇಲೆ ಇವರು ಬ್ಯಾಗನ್ನು ತೂಗಿ ನೋಡಿದರು.

"ಡಿಸೈನ್ ಎಲ್ಲ ಅಜ್ಜಿಗೇ ಕೊಟ್ಟಾಯಿತಲ್ಲ. ನಾಳೆ ಕಾಪುವಿಗೆ ಬಸ್ಸಿನಲ್ಲೇ ಹೋಗು ಮಾರಾಯ್ತಿ."