ಲ್ಯಾಮಿನೇಷನ್ ಭಾಗ್ಯ ಕಂಡ ಫಾಸ್ಟ್ಯಾಗ್

ಜಂಬ ಪಡುವುದಕ್ಕೆ ಮನುಷ್ಯನಿಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಕೆಲವರು ಮನೆ ಕಟ್ಟಿಸಿ ಬೀಗುತ್ತಾರೆ, ಕೆಲವರು ಮಕ್ಕಳ ಅಂಕಪಟ್ಟಿ ಹಿಡಿದು ಬೀಗುತ್ತಾರೆ. ನಾನು ಬೀಗಿದ್ದು ಅಂಗೈಯಗಲದ ಒಂದು ಸ್ಟಿಕ್ಕರಿನಿಂದ. ಕಾರಿನ ಗಾಜಿಗೆ ಅಂಟಿಸಿದ್ದರೆ ಸಾಕು, ಟೋಲ್‌ಗೇಟಿನ ಯಂತ್ರ ಅದನ್ನು ಓದಿಕೊಂಡು ತಾನೇ ಗೇಟು ಎತ್ತಿ ದಾರಿ ಬಿಡುತ್ತದಲ್ಲ, ಆ ಫಾಸ್ಟ್ಯಾಗ್. ಅದು ಬಂದು ಎಷ್ಟು ಕಾಲವಾಯಿತು, ಈಗೇನು ಜಂಬ ಎನ್ನುತ್ತೀರಿ. ನಿಜ. ಆದರೆ ನನ್ನ ಹತ್ತಿರ ಕಾರು ಬಂದದ್ದೇ ಹೊಳಲ್ಕೆರೆಯ ಕಚೇರಿಯಿಂದ ನಿವೃತ್ತನಾಗಿ ಚಿತ್ರದುರ್ಗದಲ್ಲಿ ಮನೆ ಮಾಡಿದ ಮೇಲೆ. ಅದೂ ಒಬ್ಬರು ಓಡಿಸಿ ಸಾಕೆಂದು ಬಿಟ್ಟದ್ದು. ಟ್ಯಾಗನ್ನು ಮಾತ್ರ ಅವರು ಕಿತ್ತುಕೊಂಡೇ ಕೊಟ್ಟಿದ್ದರು.

ಟ್ಯಾಗ್ ಬೇಕಾದರೆ ಕಾರಿನ ಫೋಟೊ ಬೇಕು ಎಂದರು ಬ್ಯಾಂಕಿನವರು. ನಾನು ಕಾರನ್ನು ತೊಳೆದು, ಚೆಂಡು ಹೂವಿನ ಹಾರ ಹಾಕಿ, ಪಕ್ಕದಲ್ಲಿ ಹೆಂಡತಿ ಶಾಂತಳನ್ನು ರೇಷ್ಮೆ ಸೀರೆ ಉಡಿಸಿ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದೆ. ಅಲ್ಲಿದ್ದ ಹುಡುಗಿ ನಗು ತಡೆದುಕೊಂಡು, "ಸಾರ್, ಮೇಡಂ ಚೆನ್ನಾಗಿ ಬಂದವ್ರೆ. ಆದ್ರೆ ನಂಬರ್ ಪ್ಲೇಟ್ ಮೇಲೆ ಹಾರ ಐತಲ್ಲ" ಎಂದಳು. ಮರುದಿನ ಹಾರವಿಲ್ಲದ, ಶಾಂತಳಿಲ್ಲದ ಫೋಟೊ ಕೊಟ್ಟೆ. ಶಾಂತ ಎರಡು ದಿನ ಮಾತು ಬಿಟ್ಟಳು.

ಟ್ಯಾಗ್ ಕೈಗೆ ಬಂತು. ಹಿಂಬದಿಯ ಕಾಗದ ಕಿತ್ತು ಗಾಜಿಗೆ ಒಳಗಿನಿಂದ ಅಂಟಿಸಿ ಎಂದು ಹೇಳಿಯೇ ಕಳಿಸಿದ್ದರು. ಆದರೆ ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಕಾಯ್ದ ಕೈ ನನ್ನದು. ಬೆಲೆಯಿರುವ ಕಾಗದ ಯಾವುದು ಬಂದರೂ ಮೊದಲು ಲ್ಯಾಮಿನೇಷನ್ ಮಾಡಿಸಬೇಕು ಎಂಬುದು ನನ್ನ ರಕ್ತದಲ್ಲಿ ಸೇರಿಹೋಗಿದೆ. ನಮ್ಮ ಮನೆಯಲ್ಲಿ ರೇಷನ್ ಕಾರ್ಡು, ಆಧಾರ್ ಕಾರ್ಡು, ನನ್ನ ನಿವೃತ್ತಿಯ ಆದೇಶ ಎಲ್ಲವೂ ಲ್ಯಾಮಿನೇಷನ್ ಆಗಿವೆ. ಮದುವೆಯ ಲಗ್ನಪತ್ರಿಕೆಯೂ ಆಗಿದೆ. ಜೆರಾಕ್ಸ್ ಅಂಗಡಿಯವನು ಟ್ಯಾಗನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೂನಾ ಸಾರ್?" ಎಂದ. "ಇದಕ್ಕೇ ಮೊದಲು" ಎಂದೆ. ಬಿಸಿ ಯಂತ್ರದೊಳಗಿಂದ ಅದು ಫಳಫಳ ಹೊಳೆಯುತ್ತ ಹೊರಬಂತು. ಗಮ್ ಟೇಪು ಹಚ್ಚಿ ಗಾಜಿಗೆ ಅಂಟಿಸಿ, ದೂರ ನಿಂತು ನೋಡಿ ಸಂತೋಷಪಟ್ಟೆ.

ಇಷ್ಟೆಲ್ಲ ಸಂಭ್ರಮ ಯಾಕೆಂದರೆ ನಮ್ಮಣ್ಣ ಈರಣ್ಣ. ಧರ್ಮಪುರದ ಹತ್ತಿರದ ನಮ್ಮೂರಿನಲ್ಲಿ ಇವತ್ತಿಗೂ ಕುರಿ ಸಾಕುತ್ತಾನೆ. ಚಿಕ್ಕಂದಿನಲ್ಲಿ ನನ್ನ ಕೈಗೆ ಕೊಟ್ಟ ಮರಿಯೊಂದು ತಪ್ಪಿಸಿಕೊಂಡು ಹೋದ ಮೇಲೆ ನನ್ನನ್ನು ಶಾಲೆಗೆ ಸೇರಿಸಿದವನು ಅವನೇ. "ಕುರಿ ಹಿಡಿಯಾಕೆ ಬರಾಕಿಲ್ಲ, ಓದನಾದ್ರೂ ಓದ್ಲಿ ಅಂತ ಬಿಟ್ವಿ" ಎಂದು ಬಂದವರಿಗೆಲ್ಲ ಹೇಳುತ್ತಾನೆ. ನನಗೆ ಕೆಲಸ ಸಿಕ್ಕಾಗ, "ಹೂಂ, ನೆಳ್ಳಾಗೆ ಕುಂದ್ರೋ ಕೆಲ್ಸ" ಎಂದ. ಬಡ್ತಿ ಸಿಕ್ಕಾಗ ಅಷ್ಟೂ ಅನ್ನಲಿಲ್ಲ. ಅರವತ್ತು ದಾಟಿದರೂ ಅಣ್ಣನ ಬಾಯಿಂದ ಒಂದು ಶಹಬ್ಬಾಸ್ ಕೇಳಬೇಕೆಂಬ ಆಸೆ ನನಗೆ ಹೋಗಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಮನೆಗೆ ಹಿರಿಯನಾದ ಅಣ್ಣನೇ ಮೊದಲು ತೊಟ್ಟಿಲು ತೂಗಬೇಕು. ಅವನನ್ನು ನಾನೇ ಕಾರಿನಲ್ಲಿ ಕರೆತರುತ್ತೇನೆ ಎಂದೆ. ಗೇಟು ನನ್ನ ಕಾರಿಗೆ ಮೊಟ್ಟಮೊದಲ ಸಲ ತೆರೆಯುವುದನ್ನು ಅಣ್ಣ ಕಣ್ಣಾರೆ ನೋಡಬೇಕೆಂದು, ಹೋಗುವಾಗ ಹೆದ್ದಾರಿ ಬಿಟ್ಟು ಹಳ್ಳಿಗಳ ಮೇಲೆ ಸುತ್ತು ಹಾಕಿಕೊಂಡು ಹೋದೆ. "ಗೇಟು ಉಳಿಸಾಕೆ ಪೆಟ್ರೋಲು ಸುಟ್ಟೋರು ನೀವೊಬ್ರೇ" ಎಂದಳು ಶಾಂತ ಫೋನಿನಲ್ಲಿ.

ಬರುವಾಗ ಹಿರಿಯೂರು ದಾಟಿದ ಮೇಲೆ ಪಾಠ ಶುರು ಮಾಡಿದೆ. "ಅಣ್ಣ, ಈಗ ನೋಡು. ಯಾರ್ನೂ ಕೇಳಂಗಿಲ್ಲ, ನಿಲ್ಲಂಗಿಲ್ಲ. ನಮ್ ಗಾಡಿ ಗುರ್ತು ಹಿಡಿದು ಗೇಟೇ ಮ್ಯಾಕೆದ್ದು ದಾರಿ ಬಿಡ್ತೈತೆ." ಅಣ್ಣ ಮಡಿಲಲ್ಲಿ ಕೋಲಿಟ್ಟುಕೊಂಡು, "ಹೌದಾ" ಎಂದ. ಗೇಟು ಬಂತು. ಮೇಲೇಳಲಿಲ್ಲ. ಸ್ವಲ್ಪ ಹಿಂದೆ ಬಂದು ಮತ್ತೆ ಮುಂದೆ ಹೋದೆ. ಆಗಲೂ ಏಳಲಿಲ್ಲ. ಕಾವಲಿನ ಹುಡುಗ ಕೈಯಲ್ಲಿ ಹಿಡಿಯುವ ಯಂತ್ರ ತಂದು ಗಾಜಿಗೆ ಹಿಡಿದು ನೋಡಿ, "ಸಾರ್, ಇದನ್ನ ಲ್ಯಾಮಿನೇಷನ್ ಮಾಡ್ಸೀರಾ? ಬಿಸಿಗೆ ಒಳಗಿನ ಚಿಪ್ಪು ಸುಟ್ಟೋಗೈತೆ. ಪಕ್ಕದ ಸಾಲಿಗೆ ಹೋಗಿ ದುಡ್ಡು ಕಟ್ರಿ" ಎಂದ. ಪಕ್ಕದ ಸಾಲಿಗೆ ಹೋಗಬೇಕಾದರೆ ಹಿಂದೆ ಸರಿಯಬೇಕು. ಹಿಂದೆ ಒಂದು ಲಾರಿ, ಅದರ ಹಿಂದೆ ಬಸ್ಸು, ಅದರ ಹಿಂದೆ ಕಣ್ಣಿಗೆ ಕಾಣುವಷ್ಟೂ ಕಾರು. ಎಲ್ಲರೂ ಹಾರನ್ ಒತ್ತತೊಡಗಿದರು. ನನಗೆ ಬೆವರು ಕಿತ್ತುಕೊಂಡು ಬಂತು. ಅಣ್ಣನ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಬಾಗಿಲು ತೆಗೆದ ಸದ್ದಾಯಿತು. ಅಣ್ಣ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಇಳಿದ. ಲಾರಿಯವನು ಇಳಿದು ಜಗಳಕ್ಕೆ ನಿಂತಿದ್ದ. ಅಣ್ಣ ಅವನ ಕಡೆ ತಿರುಗಿಯೂ ನೋಡದೆ ನೇರವಾಗಿ ಸಾಲಿನ ಕೊನೆಗೆ ಹೋದ. ಕೊನೆಯ ಕಾರಿನ ಮುಂದೆ ಕೋಲು ಅಡ್ಡ ಹಿಡಿದು, "ನೀನು ಮೊದ್ಲು ತಿರುಗಪ್ಪ, ಆ ಕಡೆ" ಎಂದ. ಆಮೇಲೆ ಅದರ ಮುಂದಿನದು, ಆಮೇಲೆ ಬಸ್ಸು. ನಾಲಿಗೆ ಮಡಚಿ ಟ್ರ್ರ್ರ್ ಎಂದು ಕುರಿ ತಿರುಗಿಸುವ ದನಿಯನ್ನೂ ಹಾಕಿದ. ಲಾರಿಯವನು ಸುಮ್ಮನೆ ಹೋಗಿ ತನ್ನ ಸೀಟಿನಲ್ಲಿ ಕುಳಿತ. ಹತ್ತು ನಿಮಿಷದಲ್ಲಿ ನನ್ನ ಕಾರಿನ ಹಿಂದೆ ಬಯಲೋ ಬಯಲು. "ಯಜಮಾನ್ರೇ, ನೀವು ದಿನಾ ಬರ್ರಿ" ಎಂದು ಕಾವಲಿನ ಹುಡುಗ ಕೈ ಮುಗಿದ. ನನಗೆ ನಾಚಿಕೆಯ ನಡುವೆಯೂ ಎದೆ ಉಬ್ಬಿತು. ನಮ್ಮಣ್ಣ ಇವನು ಎಂದು ಆ ಲಾರಿಯವನಿಗೆ ಕೂಗಿ ಹೇಳಬೇಕೆನಿಸಿತು.

ಕಾರಿಗೆ ಹತ್ತಿದ ಅಣ್ಣ, ನಾನು ಪಕ್ಕದ ಸಾಲಿನಲ್ಲಿ ದುಡ್ಡು ಕಟ್ಟಿ ಗೇಟು ದಾಟಿದ ಮೇಲೆ ಇಷ್ಟೇ ಹೇಳಿದ. "ಮುಂದಿಂದನ್ನ ನೂಕಿದ್ರೆ ಮಂದೆ ತಿರುಗಾಕಿಲ್ಲ ಕಣಲೇ. ಹಿಂದಿಂದನ್ನ ಮೊದ್ಲು ತಿರುಗಿಸ್ಬೇಕು." ಇನ್ನು ನೆಂಟರ ಮುಂದೆ ಮರಿ ತಪ್ಪಿಸಿಕೊಂಡ ಕತೆಯ ಪಕ್ಕಕ್ಕೆ ಗೇಟಿನ ಕತೆಯೂ ಸೇರುತ್ತದೆ, ಸಾಯುವವರೆಗೂ ಕೇಳಬೇಕು ಎಂದುಕೊಂಡೆ.

ಮನೆ ತುಂಬ ನೆಂಟರಿದ್ದರು. ಬೀಗರೇ ಎದ್ದು ಬಂದು ಅಣ್ಣನ ಕಾಲಿಗೆ ನೀರು ಕೊಟ್ಟು, "ತಡ ಆತಲ್ಲ, ಟೋಲಿನಾಗೆ ಏನಾರ ತೊಂದ್ರೆ ಆತೇನ್ರಿ?" ಎಂದು ಕೇಳಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ. ಅಣ್ಣ ಕಾಲು ತೊಳೆದು, ಕಂಬಳಿಯಲ್ಲೇ ಕೈ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ.

"ತೊಂದ್ರೆ ಎಲ್ಲೀದು? ನನ್ ತಮ್ಮನ ಗಾಡಿ ಕಂಡ ಕೂಡ್ಲೆ ಗೇಟು ತಾನಾಗೇ ಮ್ಯಾಕೆದ್ದೋತು. ಅಂಥಾ ಗಾಡಿ ಮಡಗವ್ನೆ ಅವ್ನು."

ನಮ್ಮಣ್ಣ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಿಜ ಹೇಳಿ ಅವನ ಕೈ ಹಿಡಿದುಕೊಳ್ಳಬೇಕು, ದಾರಿ ಬಿಡಿಸಿದ್ದು ಅವನೇ ಎಂದು ಸಾರಬೇಕು ಎಂದು ಬಾಯಿ ತೆರೆದೆ. ಬೀಗರು ನನ್ನ ಕಡೆ ಮೆಚ್ಚುಗೆಯಿಂದ ನೋಡಿ, "ಹಂಗಾರೆ ನಿಲ್ಸೇ ಇಲ್ವಾ ಗಾಡೀನ?" ಎಂದರು.

"ಬ್ರೇಕ್ ಮೇಲೆ ಕಾಲೇ ಇಡಲಿಲ್ಲ" ಎಂದುಬಿಟ್ಟೆ.